ಬಾಂಧವ್ಯ ಕಡಿದುಹೋಗುವುದೆಂದರೇನು, ಕಡಿದ ಮೇಲೆ ಏನು ಮಾಡಬಹುದು: ಮುಂಬಯಿ ಕನ್ನಡಿಗರಿಗೊಂದು ಕೈಪಿಡಿ

ಅಣ್ಣತಮ್ಮಂದಿರ ಜಗಳ ಬೇರೆ, ಅಣ್ಣತಮ್ಮಂದಿರ ನಡುವೆ ಹೋಗಿಬರುವುದೇ ನಿಂತುಹೋಗುವುದು ಬೇರೆ. ಈ ವ್ಯತ್ಯಾಸವನ್ನು ಗುರುತಿಸಿಕೊಳ್ಳದೆ ರಾಜಿಗೆ ಕೈಹಾಕಿದವರು ಸಾಮಾನ್ಯವಾಗಿ ಉಳಿದಿದ್ದುದನ್ನೂ ಕೆಡಿಸುತ್ತಾರೆ. ಜಗಳವಾಡುವವರು ಇನ್ನೂ ಒಬ್ಬರಿಂದೊಬ್ಬರು ಏನನ್ನೋ ಬಯಸುತ್ತಿರುತ್ತಾರೆ: ಒಂದು ಕ್ಷಮೆ, ಒಂದು ಲೆಕ್ಕ, ಕೊನೆಗೆ ಒಂದು ಉತ್ತರವಾದರೂ. ಬಾಂಧವ್ಯ ಕಡಿದವರಲ್ಲಿ ಆ ಬಯಕೆಯನ್ನು ಹೊರಗೆ ತೋರಿಸುವುದೇ ನಿಂತಿರುತ್ತದೆ. ಹಾಗೆ ನಿಂತ ಸ್ಥಿತಿಯೇ ಕ್ರಮೇಣ ಮನೆಯ ಪದ್ಧತಿಯಾಗಿ, ಹೊಸದಾಗಿ ಬಂದ ಸೊಸೆಗೆ ಮೊದಲ ವಾರದಲ್ಲೇ ಹೇಳಿಕೊಡುವ ನಿಯಮವಾಗಿ ಬೇರೂರಿರುತ್ತದೆ.

ಹಾಗಾಗಿ ಮೊದಲ ಕೆಲಸ, ನಿಮ್ಮ ಮನೆಯಲ್ಲಿರುವುದು ಯಾವುದು ಎಂದು ನೋಡಿಕೊಳ್ಳುವುದು. ಮದುವೆಯ ಕರೆಯೋಲೆ ವಾಟ್ಸಾಪಿನಲ್ಲಿ ಬರುತ್ತದೆಯೇ ಹೊರತು ಯಾರೂ ಮನೆಗೆ ಬಂದು ಹೇಳುವುದಿಲ್ಲವೇ? ಕುರ್ಲಾದ ಬಂಟರ ಭವನದಲ್ಲೋ ಮಾಟುಂಗದ ಯಾವುದೋ ಸಭಾಗೃಹದಲ್ಲೋ ಎದುರಾದಾಗ ಒಬ್ಬರು ಊಟಕ್ಕೆ ಕುಳಿತರೆಂದು ಗೊತ್ತಾದ ಕೂಡಲೇ ಇನ್ನೊಬ್ಬರು ಮುಂದಿನ ಪಂಕ್ತಿಗೆ ಕಾಯುತ್ತಾರೆಯೇ? ಉಳಿದ ಸಂಬಂಧಿಕರು ಇಬ್ಬರನ್ನೂ ಒಂದೇ ದಿನ ಮನೆಗೆ ಕರೆಯದಂತೆ ಎಚ್ಚರ ವಹಿಸುತ್ತಾರೆಯೇ? ಈ ಮೂರನೆಯದು ಬಹಳ ಖಚಿತವಾದ ಗುರುತು. ಸುತ್ತಲಿನವರು ನಿಮ್ಮ ಮೌನಕ್ಕೆ ಹೊಂದಿಕೊಂಡಿದ್ದಾರೆ ಎಂದಾದರೆ ಅದು ಎಂದಿನ ಮುನಿಸಿನ ಹಂತವನ್ನು ದಾಟಿದೆ ಎಂದೇ ತಿಳಿಯಬೇಕು.

ಮುಂಬಯಿಯಲ್ಲಿರುವವರಿಗೆ ಇದನ್ನು ಒಪ್ಪಿಕೊಳ್ಳದಿರಲು ಒಂದು ಸುಲಭದ ನೆಪವಿದೆ, ಅದು ದೂರ. ಊರು ದೂರವಾಯಿತು, ರಜೆ ಸಿಗುವುದಿಲ್ಲ, ಮಕ್ಕಳ ಶಾಲೆ ಎಂದು ಹೇಳಿದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಬಸ್ಸೊಂದನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ ಆ ಮಾತಿಗೆ ತೂಕವಿತ್ತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದುಕೊಂಡ ಮೇಲೆ, ಮಧ್ಯಾಹ್ನ ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ಹತ್ತಿದವರು ಮರುದಿನ ಬೆಳಕು ಹರಿಯುವ ಹೊತ್ತಿಗೆ ಉಡುಪಿಯಲ್ಲಿರುತ್ತಾರೆ. ದೂರ ಕಾರಣವೋ ಆಸರೆಯೋ ಎಂದು ಪರೀಕ್ಷಿಸುವ ಉಪಾಯ ಸರಳವಾಗಿದೆ: ಅದೇ ಮನೆಯವರು ಥಾಣೆಯಲ್ಲೋ ಡೊಂಬಿವಲಿಯಲ್ಲೋ ಇದ್ದಿದ್ದರೆ ನೀವು ಹೋಗುತ್ತಿದ್ದಿರಾ ಎಂದು ಕೇಳಿಕೊಳ್ಳಿ.

ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಅವರು ಕುಟುಂಬಗಳ ಬಗ್ಗೆ ರೂಪಿಸಿದ ಸಿದ್ಧಾಂತದಲ್ಲಿ ಇಂಥ ಕಡಿತಕ್ಕೆ ಪ್ರತ್ಯೇಕ ಸ್ಥಾನವಿದೆ. ಮನೆಯವರೊಂದಿಗೆ ಬಗೆಹರಿಯದ ಭಾವನೆಗಳನ್ನು ದೂರ ಹೋಗುವ ಮೂಲಕವೋ ಮಾತು ಬಿಡುವ ಮೂಲಕವೋ ನಿಭಾಯಿಸಲು ಹೊರಟವರು ಆ ಭಾವನೆಗಳಿಂದ ಬಿಡುಗಡೆ ಹೊಂದುವುದಿಲ್ಲ, ಅವುಗಳನ್ನು ಮುಂದಿನ ಸಂಬಂಧಗಳಿಗೆ ಹೊತ್ತೊಯ್ಯುತ್ತಾರೆ ಎಂಬುದು ಅವರ ವಾದ. ಅದೇ ದೇಶದ ಪಾಲಿನ್ ಬಾಸ್ ಅವರು, ವ್ಯಕ್ತಿ ಬದುಕಿದ್ದೂ ನಮ್ಮ ಪಾಲಿಗೆ ಇಲ್ಲದಂತಾಗುವ ನಷ್ಟವನ್ನು ಸಾವಿನ ನಷ್ಟದಿಂದ ಬೇರ್ಪಡಿಸಿ ನೋಡಿದರು. ಈ ನಷ್ಟಕ್ಕೆ ಬೊಜ್ಜವೆಂಬ ಉತ್ತರಕ್ರಿಯೆಯಿಲ್ಲ, ಹದಿಮೂರನೆಯ ದಿನವಿಲ್ಲ, ಮನೆಗೆ ಬಂದು ಸಮಾಧಾನ ಹೇಳುವವರೂ ಇಲ್ಲ. ಹಾಗಾಗಿ ಅದು ಮುಗಿಯುವುದೂ ಇಲ್ಲ. ಮನಸ್ಸು ಹೀಗೆ ಎಳೆದಾಡುವುದು ನಿಮ್ಮ ದೌರ್ಬಲ್ಯವಲ್ಲ ಎಂದು ತಿಳಿದಿದ್ದರೆ ಮುಂದಿನ ಹೆಜ್ಜೆಗಳನ್ನು ಅವಸರವಿಲ್ಲದೆ ಇಡಬಹುದು.

ಯಾವ ಎಳೆ ಕಡಿದಿದೆ ಎಂದು ಬರೆದುಕೊಳ್ಳಿ

ಬಾಂಧವ್ಯವೆಂಬುದು ಒಂದೇ ಎಳೆಯಿಂದ ಆದದ್ದಲ್ಲ. ನಮ್ಮ ಮನೆಗಳಲ್ಲಿ ಮಾತುಕತೆ ಒಂದು, ಒಬ್ಬರ ಮನೆಗೆ ಒಬ್ಬರು ಹೋಗಿ ಊಟ ಮಾಡುವುದು ಇನ್ನೊಂದು, ಹಣ ಮತ್ತು ಆಸ್ತಿ ಮತ್ತೊಂದು, ನಾಗ, ದೈವ, ಶುಭಾಶುಭಗಳಲ್ಲಿ ಒಟ್ಟಿಗೆ ನಿಲ್ಲುವುದು ಮಗದೊಂದು. ಎಲ್ಲವೂ ಒಟ್ಟಿಗೆ ಕಡಿಯುವುದು ಅಪರೂಪ. ಮಾತು ಬಿಟ್ಟಿದ್ದರೂ ಊರಿನ ನಾಗಬನದ ವಂತಿಗೆಯನ್ನು ತಪ್ಪದೆ ಕಳಿಸುವವರಿದ್ದಾರೆ. ನಗುನಗುತ್ತಾ ಮಾತಾಡಿಯೂ ಮನೆಯ ಹೊಸ್ತಿಲು ತುಳಿಯದವರೂ ಇದ್ದಾರೆ. ಒಂದು ಹಾಳೆಯಲ್ಲಿ ಈ ನಾಲ್ಕನ್ನೂ ಬರೆದು, ಪ್ರತಿಯೊಂದರ ಮುಂದೆ ಅದು ಯಾವಾಗ ನಿಂತಿತು, ಯಾರ ಕಡೆಯಿಂದ ನಿಂತಿತು, ಈಗ ನಿಮಗೆ ಅದು ನಿಜವಾಗಿಯೂ ಬೇಕೋ ಎಂದು ಬರೆಯಿರಿ. ನಾಲ್ಕೂ ಮರಳಿ ಬೇಕೆಂದು ಹಟ ಹಿಡಿದವರಿಗೆ ಒಂದೂ ಮರಳುವುದಿಲ್ಲ. ಮಾತು ಮಾತ್ರ ಮರಳಿ, ಆಸ್ತಿಯ ವ್ಯವಹಾರವನ್ನು ವಕೀಲರಿಗೆ ಬಿಟ್ಟುಕೊಟ್ಟು, ಹಬ್ಬಕ್ಕೊಮ್ಮೆ ಕ್ಷೇಮ ವಿಚಾರಿಸಿಕೊಳ್ಳುವ ಸಂಬಂಧವೂ ಸಂಬಂಧವೇ ಆಗಿದೆ. ಅದನ್ನು ಅರೆಬರೆಯೆಂದು ಹೀಗಳೆಯುವುದನ್ನು ನಾನು ಒಪ್ಪುವುದಿಲ್ಲ.

ಕಾರಣವನ್ನು ಬರೆಯುವಾಗ ನಿಷ್ಠುರವಾಗಿರಬೇಕು. ಈ ನಗರದ ನಮ್ಮವರಲ್ಲಿ ಎರಡು ಕಾರಣಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು ಹೋಟೆಲು. ಊರಿನಿಂದ ಹನ್ನೆರಡು ಹದಿಮೂರರ ವಯಸ್ಸಿಗೆ ಬಂದು, ಹಗಲು ಗಿರಾಕಿಗಳ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ಅಣ್ಣ, ಮುಂದೆ ತಮ್ಮಂದಿರನ್ನು ಕರೆಸಿಕೊಂಡು ಗಲ್ಲಾಪೆಟ್ಟಿಗೆಯ ಮೇಲೆ ಕೂರಿಸುತ್ತಾನೆ. ಪಾಲುದಾರಿಕೆ ಬಾಯಿಮಾತಿನದು, ಪರವಾನಗಿ ಒಬ್ಬನ ಹೆಸರಿನದು, ದುಡಿಮೆ ಮೂವರದು. ಮಕ್ಕಳು ದೊಡ್ಡವರಾಗಿ ಹೋಟೆಲನ್ನು ಕಂಡಕ್ಟಿಂಗಿಗೆ, ಅಂದರೆ ತಿಂಗಳ ಮೊತ್ತಕ್ಕೆ ಬೇರೆಯವರು ನಡೆಸಲು, ಕೊಡುವ ದಿನ ಬಂದಾಗ ತಿಂಗಳ ಮೊತ್ತ ಯಾರ ಖಾತೆಗೆ ಹೋಗಬೇಕೆಂಬ ಪ್ರಶ್ನೆ ಏಳುತ್ತದೆ, ಮತ್ತು ಅಲ್ಲಿಯತನಕ ಯಾರೂ ಬರೆದಿಡದ ಲೆಕ್ಕವನ್ನು ಎಲ್ಲರೂ ತಮ್ಮ ತಮ್ಮ ನೆನಪಿನಿಂದ ಒಪ್ಪಿಸುತ್ತಾರೆ.

ಎರಡನೆಯದು ಚಾಳಿನ ಖೋಲಿ. ಪಗಡಿಯ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದ, ಕೋಣೆಯ ಬಾಡಿಗೆ ರಸೀದಿ ತಂದೆಯ ಹೆಸರಿನಲ್ಲಿರುತ್ತದೆ. ಒಬ್ಬ ಮಗ ಅಲ್ಲಿಯೇ ಉಳಿಯುತ್ತಾನೆ, ಉಳಿದವರು ಮೀರಾರೋಡಿಗೋ ಊರಿಗೋ ಹೋಗುತ್ತಾರೆ. ಚಾಳು ಪುನರಭಿವೃದ್ಧಿಗೆ ಹೋಗುವವರೆಗೆ ಆ ಕೋಣೆಯ ವಿಷಯ ಯಾರಿಗೂ ಬೇಕಿರುವುದಿಲ್ಲ. ಕಟ್ಟಡದ ನಕ್ಷೆ ಮಂಜೂರಾದ ದಿನ ಎಲ್ಲರಿಗೂ ಬೇಕಾಗುತ್ತದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ವಾಸದ ಬಾಡಿಗೆದಾರ ತೀರಿಕೊಂಡಾಗ, ಆ ಹೊತ್ತಿಗೆ ಅವರ ಜೊತೆ ವಾಸವಿದ್ದ ಕುಟುಂಬದವರಿಗೆ ಬಾಡಿಗೆ ಹಕ್ಕಿನಲ್ಲಿ ಮೊದಲ ಸ್ಥಾನವಿದೆ. ಅಂಥವರು ಇಲ್ಲದಿದ್ದಾಗ ವಾರಸುದಾರರ ಸರದಿ ಬರುತ್ತದೆ, ಒಮ್ಮತವಿಲ್ಲದಿದ್ದರೆ ನ್ಯಾಯಾಲಯ ತೀರ್ಮಾನಿಸುತ್ತದೆ. ಖೋಲಿಯಲ್ಲಿ ಉಳಿದು ತಾಯಿತಂದೆಯರನ್ನು ನೋಡಿಕೊಂಡವನಿಗೆ ಇದು ನ್ಯಾಯವಾಗಿ ಕಾಣುತ್ತದೆ. ಪಗಡಿಯ ಹಣ ತಾನು ಕಳಿಸಿದ್ದು ಎಂದು ನೆನಪಿರುವವನಿಗೆ ಮೋಸವಾಗಿ ಕಾಣುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂಬ ಸಾಧ್ಯತೆಯನ್ನು ನಿಮ್ಮ ಹಾಳೆಯಲ್ಲಿ ಬರೆದುಕೊಳ್ಳಿ.

ಮೊದಲ ಮಾತು

ಕಾರ್ನೆಲ್ ವಿಶ್ವವಿದ್ಯಾಲಯದ ಸಮಾಜವಿಜ್ಞಾನಿ ಕಾರ್ಲ್ ಪಿಲ್ಲೆಮರ್ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯೊಂದರಲ್ಲಿ ಉತ್ತರಿಸಿದವರ ಪೈಕಿ ಶೇಕಡಾ 27ರಷ್ಟು ಮಂದಿ ಯಾರಾದರೊಬ್ಬ ಸಂಬಂಧಿಕರೊಡನೆ ಸಂಪರ್ಕ ಕಡಿದುಕೊಂಡಿದ್ದುದಾಗಿ ಹೇಳಿದ್ದರು. ಆ ದೇಶದ ಲೆಕ್ಕವನ್ನು ನಮ್ಮ ಮನೆಗಳಿಗೆ ಹಾಗೆಯೇ ತಂದು ಹೊಂದಿಸುವುದು ಸರಿಯಲ್ಲ. ಆದರೆ ಮತ್ತೆ ಒಂದಾದವರನ್ನು ಮಾತಾಡಿಸಿ ಪಿಲ್ಲೆಮರ್ ಕಂಡುಕೊಂಡ ಒಂದು ಸಂಗತಿ ನಮಗೂ ಉಪಯೋಗಕ್ಕೆ ಬರುತ್ತದೆ: ಒಂದಾದವರಲ್ಲಿ ಅನೇಕರು, ಹಿಂದೆ ನಡೆದದ್ದರ ಬಗ್ಗೆ ತಮ್ಮ ಕಥನವನ್ನೇ ಎದುರಿನವರೂ ಒಪ್ಪಬೇಕೆಂಬ ಪಟ್ಟನ್ನು ಬಿಟ್ಟವರು. ಪಂಚಾಯಿತಿಕೆ ಮಾಡುವ ನಮ್ಮ ಹಿರಿಯರಿಗೆ ಇದು ರುಚಿಸದಿರಬಹುದು, ಏಕೆಂದರೆ ತಪ್ಪು ಯಾರದೆಂದು ಮೊದಲು ತೀರ್ಮಾನವಾಗಲಿ ಎಂಬಲ್ಲಿಂದಲೇ ಅವರ ಮಾತು ಶುರುವಾಗುತ್ತದೆ.

ಮೊದಲ ಸಂದೇಶವನ್ನು ಬರೆಯುವಾಗ ಈ ಅಂಶವನ್ನು ಗಮನದಲ್ಲಿಡಬೇಕು. ಸಾಮಾನ್ಯವಾಗಿ ಜನ ಹೀಗೆ ಬರೆಯುತ್ತಾರೆ: “ಅಣ್ಣಾ, ಆದದ್ದೆಲ್ಲಾ ಆಗಿಹೋಯಿತು. ನಿನ್ನಿಂದ ನಮಗೆಷ್ಟು ನೋವಾಯಿತೆಂದು ನಿನಗೆ ಗೊತ್ತಿಲ್ಲ, ಆದರೂ ನಾನು ಕ್ಷಮಿಸಿದ್ದೇನೆ. ಅಮ್ಮನ ಮುಖ ನೋಡಿಯಾದರೂ ಮಾತಾಡು.” ಇದರಲ್ಲಿ ಆರೋಪವಿದೆ, ತೀರ್ಪಿದೆ, ಅಮ್ಮನನ್ನು ಮುಂದಿಟ್ಟುಕೊಂಡ ಒತ್ತಾಯವಿದೆ, ಉತ್ತರಿಸಲು ಅಣ್ಣನಿಗೆ ಜಾಗವೇ ಇಲ್ಲ. ಅದರ ಬದಲು ಹೀಗೆ ಬರೆದು ನೋಡಿ: “ಅಣ್ಣಾ, ಅತ್ತಿಗೆಗೆ ಮೊಣಕಾಲಿನ ಆಪರೇಷನ್ ಆಯಿತೆಂದು ತಿಳಿಯಿತು. ಈಗ ಹೇಗಿದ್ದಾರೆ? ಖೋಲಿಯ ವಿಷಯ ಮಾತಾಡಲು ಬರೆದದ್ದಲ್ಲ. ಅನುಕೂಲವಾದಾಗ ಒಂದು ಸಾಲು ಹಾಕು. ಹಾಕದಿದ್ದರೂ ನನಗೆ ಬೇಸರವಿಲ್ಲ.” ಇಲ್ಲಿ ಕೇಳಿದ್ದು ಉತ್ತರಿಸಲು ಸುಲಭವಾದ ಒಂದೇ ಪ್ರಶ್ನೆ, ಮತ್ತು ಯಾವ ವಿಷಯದ ಬಗ್ಗೆ ಅಣ್ಣನಿಗೆ ಅನುಮಾನ ಬರಬಹುದೋ ಅದನ್ನು ನೀವೇ ಮೊದಲು ಪಕ್ಕಕ್ಕಿಟ್ಟಿದ್ದೀರಿ. ಹಿಂದೆ ಏಕವಚನದಲ್ಲಿ ಕರೆಯುತ್ತಿದ್ದ ಅಣ್ಣನಿಗೆ ಈಗ ಬಹುವಚನ ಹಚ್ಚಬೇಡಿ, ಅದು ವಕೀಲರ ನೋಟೀಸಿನಂತೆ ಕೇಳಿಸುತ್ತದೆ. ಎರಡು ನೀಲಿ ಗೀಟು ಬಂದು ಉತ್ತರ ಬರದಿದ್ದರೆ ಮರುದಿನವೇ ಫೋನ್ ಮಾಡಬೇಡಿ. ಕೆಲವು ತಿಂಗಳು ಕಳೆದ ಮೇಲೆ ಇನ್ನೊಂದು ಸಂದೇಶ ಕಳಿಸಬಹುದು, ಆದರೆ ಊರಿಗೆಲ್ಲಾ ಕಳಿಸಿದ ಹಬ್ಬದ ಶುಭಾಶಯದ ಚಿತ್ರವನ್ನು ಅವರಿಗೂ ತಳ್ಳಿದರೆ ಅದು ಲೆಕ್ಕಕ್ಕಿಲ್ಲ.

ನೇರವಾಗಿ ಬರೆಯಲಾಗದವರಿಗೆ ಈ ನಗರ ಒಂದು ಒಳ್ಳೆಯ ದಾರಿ ಕೊಟ್ಟಿದೆ. ಗಣಪತಿ ಇಟ್ಟ ಮನೆಗೆ ಕರೆಯದೆಯೂ ದರ್ಶನಕ್ಕೆ ಹೋಗುವುದು ಇಲ್ಲಿಯ ರೂಢಿ, ಬಂದವರನ್ನು ಏಕೆ ಬಂದಿರೆಂದು ಯಾರೂ ಕೇಳುವುದಿಲ್ಲ. ಹೂವು ಹಣ್ಣು ಇಟ್ಟು, ನಮಸ್ಕರಿಸಿ, ಪ್ರಸಾದ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಎದ್ದು ಬಂದರೆ ಸಾಕು. ಊರಿನ ಕಡೆ ಇಂಥದೇ ಅವಕಾಶ ತರವಾಡು ಮನೆಯಿಂದ, ಅಂದರೆ ಕುಟುಂಬದ ಮೂಲಮನೆಯಿಂದ, ಬರುತ್ತದೆ. ದೈವಸ್ಥಾನದ ಜೀರ್ಣೋದ್ಧಾರಕ್ಕೋ ನಾಗನ ಆಶ್ಲೇಷಾ ಬಲಿಗೋ ಮುನ್ನ ಜ್ಯೋತಿಷಿಗಳಿಂದ ಅಷ್ಟಮಂಗಲ ಪ್ರಶ್ನೆ ಇಡಿಸಿದಾಗ, ಕುಟುಂಬದವರೆಲ್ಲ ಒಟ್ಟು ಸೇರಿ ಪ್ರಾರ್ಥಿಸಬೇಕೆಂದು ಕಂಡುಬಂದಿದೆ ಎಂಬ ಕರೆ ಮುಂಬಯಿಗೂ ತಲಪುತ್ತದೆ. ನಂಬಿಕೆ ಇರಲಿ ಬಿಡಲಿ, ಆ ಕರೆಯ ಒಂದು ಗುಣವನ್ನು ಮೆಚ್ಚಲೇಬೇಕು: ಅಲ್ಲಿಗೆ ಬಂದವರು ನಾಗನಿಗೆ ತಲೆಬಾಗುತ್ತಾರೆ, ಯಾರೂ ಇನ್ನೊಬ್ಬರಿಗೆ ಸೋತಂತಾಗುವುದಿಲ್ಲ. ಅದೇ ಅಂಗಳದಲ್ಲಿ ಪಾಲಿನ ಮಾತೆತ್ತಿದರೆ ಮಾತ್ರ ಬಂದದ್ದೂ ವ್ಯರ್ಥವಾಗುತ್ತದೆ.

ನಡುವಿನವರು ಬೇಕೆನಿಸಿದರೆ ಎರಡೂ ಮನೆಯಲ್ಲಿ ಊಟ ಮಾಡುವವರನ್ನು, ಖೋಲಿಯಲ್ಲಾಗಲಿ ಹೋಟೆಲಿನಲ್ಲಾಗಲಿ ಪಾಲಿಲ್ಲದವರನ್ನು ಆರಿಸಿ. ಸೋದರತ್ತೆಯೋ ಹಳೆಯ ನೆರೆಯವರೋ ಈ ಕೆಲಸಕ್ಕೆ ಸಂಘದ ಅಧ್ಯಕ್ಷರಿಗಿಂತ ಉತ್ತಮ. ನಮ್ಮ ಜಾತಿ ಸಂಘಗಳು ಈ ನಗರದಲ್ಲಿ ಶಾಲೆ, ವಿದ್ಯಾರ್ಥಿವೇತನ, ವೈದ್ಯಕೀಯ ನೆರವು ಎಂದು ದೊಡ್ಡ ಕೆಲಸ ಮಾಡಿವೆ ನಿಜ, ಆದರೆ ಪದಾಧಿಕಾರಿಗಳ ಮುಂದೆ ನಡೆದ ರಾಜಿ ಮುಂದಿನ ವಾರ ಸಮುದಾಯದ ಸುದ್ದಿಯಾಗುತ್ತದೆ, ಸುದ್ದಿಯಾದ ರಾಜಿಯಿಂದ ಹಿಂದೆ ಸರಿಯುವುದು ಇನ್ನೂ ಕಷ್ಟ.

ಮೊದಲ ಭೇಟಿ ಯಾರ ಮನೆಯಲ್ಲೂ ಬೇಡ, ಮದುವೆಮನೆಯಲ್ಲಂತೂ ಬೇಡವೇ ಬೇಡ. ರವಿವಾರ ಬೆಳಿಗ್ಗೆ ಮಾಟುಂಗದ ಹೋಟೆಲೊಂದರಲ್ಲಿ ತಿಂಡಿಗೆ ಕುಳಿತರೆ ಒಂದು ಅನುಕೂಲವಿದೆ: ಮೇಜಿಗೆ ಕಾಯುವವರು ಬೆನ್ನ ಹಿಂದೆಯೇ ನಿಂತಿರುವುದರಿಂದ ಇಡ್ಲಿ, ಕಾಫಿ ಮುಗಿದ ಕೂಡಲೇ ಏಳಲೇಬೇಕಾಗುತ್ತದೆ, ಮಾತು ಹಳೆಯ ಲೆಕ್ಕಕ್ಕೆ ಜಾರುವಷ್ಟು ಉದ್ದವಾಗುವುದಿಲ್ಲ. ಮನೆಯವರೇ ಹೋಟೆಲು ವ್ಯವಹಾರದಲ್ಲಿದ್ದರೆ ಗಲ್ಲಾದಲ್ಲಿ ಪರಿಚಯದವರು ಕುಳಿತಿರದ ಜಾಗವನ್ನು ನೋಡಿಕೊಳ್ಳಿ.

ಮೌನದಿಂದ ಕಾನೂನಿನ ಸಂಬಂಧ ಕಡಿಯುವುದಿಲ್ಲ

ಇದು ಅನೇಕರಿಗೆ ತಡವಾಗಿ ಗೊತ್ತಾಗುವ ವಿಷಯ. ‘ನನ್ನ ಮಗನಿಗೂ ನನಗೂ ಯಾವ ಸಂಬಂಧವೂ ಇಲ್ಲ’ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ ಮಾತ್ರಕ್ಕೆ ಮಗನ ವಾರಸುದಾರಿಕೆ ಹೋಗುವುದಿಲ್ಲ. ತಂದೆ ತನ್ನ ಸ್ವಯಾರ್ಜಿತ ಆಸ್ತಿಯನ್ನು ಉಯಿಲಿನ ಮೂಲಕ ಬೇರೆಯವರಿಗೆ ಬರೆಯಬಹುದು; ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಾತು ಬಿಟ್ಟ ಮಗನೂ ಮಗಳೂ ಹೆಂಡತಿಯೂ ತಾಯಿಯೂ ಮೊದಲ ವರ್ಗದ ವಾರಸುದಾರರಾಗಿಯೇ ಉಳಿಯುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬಂದ ಪಾಲನ್ನು ತಂದೆಯ ಸಿಟ್ಟು ಕಸಿಯಲಾರದು. ಹೆಣ್ಣುಮಕ್ಕಳಿಗೂ ಈ ಹಕ್ಕು 2005ರ ತಿದ್ದುಪಡಿಯಿಂದ ಬಂದಿದೆ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮುಂಬಯಿಗೆ ಮದುವೆಯಾಗಿ ಬಂದ ತಂಗಿಯರ ಜೊತೆ ಊರಿನ ಅಣ್ಣಂದಿರು ಮಾತು ಬಿಡುವುದು ಈಗೀಗ ಈ ಕಾರಣಕ್ಕೇ ಹೆಚ್ಚು. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕುಟುಂಬಗಳಲ್ಲಿ ಹಳೆಯ ಪಾಲುಪಟ್ಟಿಯನ್ನು ಓದಿಸದೆ ಯಾರಿಗೆಷ್ಟು ಎಂಬ ಮಾತನ್ನೇ ಆಡಬಾರದು.

ಊರಿನಲ್ಲಿ ಪೌತಿ ಖಾತೆಗೆಂದು, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲೆಂದು, ವಂಶವೃಕ್ಷ ಮಾಡಿಸುವಾಗ ಮುಂಬಯಿಯಲ್ಲಿರುವವರ ಹೆಸರು ಬಿಟ್ಟುಹೋಗುವುದುಂಟು. ಮರೆತೋ ಬೇಕೆಂದೋ ಎಂಬ ಚರ್ಚೆ ಆಮೇಲೆ ಆಗಲಿ. ಪಹಣಿಯನ್ನು ಭೂಮಿ ಜಾಲತಾಣದಲ್ಲಿ ಇಲ್ಲಿಂದಲೇ ನೋಡಬಹುದು, ವರ್ಷಕ್ಕೊಮ್ಮೆಯಾದರೂ ನೋಡಿ. ಹೆಸರು ಬದಲಾಗುತ್ತಿದೆ ಎಂದು ಕಂಡರೆ ಮ್ಯುಟೇಷನ್ ಅಂತಿಮವಾಗುವ ಮುನ್ನ ತಕರಾರು ಅರ್ಜಿ ಕೊಡಬೇಕು. ಬದಲಾಗಿಯೇ ಹೋಗಿದ್ದರೂ ಕಂದಾಯ ದಾಖಲೆಯ ನಮೂದು ಮಾತ್ರದಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂಬುದು ನೆನಪಿರಲಿ. ಸಹಿ ಹಾಕಲು ಎದುರುಬದುರು ಕೂರುವುದು ಬೇಡವೆನಿಸಿದರೆ ನಂಬಿಕೆಯ ಮೂರನೆಯವರಿಗೆ ನಿರ್ದಿಷ್ಟ ಕೆಲಸಕ್ಕೆ ಸೀಮಿತವಾದ ಅಧಿಕಾರಪತ್ರ ಮಾಡಿಕೊಡಬಹುದು. ಇಲ್ಲಿಯ ಹೌಸಿಂಗ್ ಸೊಸೈಟಿಯಲ್ಲಿ ನಾಮಿನಿಯಾಗಿರುವವರೇ ಫ್ಲ್ಯಾಟಿನ ಒಡೆಯರು ಎಂಬ ನಂಬಿಕೆಯೂ ತಪ್ಪು. ನಾಮಿನಿ ವಾರಸುದಾರರ ಪರವಾಗಿ ಹಿಡಿದಿಟ್ಟುಕೊಂಡವರು ಮಾತ್ರ.

ಮಕ್ಕಳು ಕೈಬಿಟ್ಟ ವೃದ್ಧರಿಗೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಅಡಿಯಲ್ಲಿ ನ್ಯಾಯಮಂಡಳಿಗೆ ಅರ್ಜಿ ಕೊಡುವ ಹಕ್ಕಿದೆ, ಅಲ್ಲಿ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಮನೆಯನ್ನು, ಷರತ್ತು ಮುರಿದಾಗ ಹಿಂದಕ್ಕೆ ಪಡೆಯಲು ಅದೇ ಕಾಯ್ದೆಯ 23ನೆಯ ಕಲಮಿದೆ. ಆದ್ದರಿಂದ ದಾನಪತ್ರದಲ್ಲಿ ಆ ಷರತ್ತನ್ನು ಬಾಯಿಮಾತಿಗೆ ಬಿಡದೆ ಬರೆಸಿಯೇ ಇಡಬೇಕು. ಯಾರನ್ನು ಕೇಳಬೇಕೆಂದು ತೋಚದ ಹಿರಿಯರು ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಗಂಡಹೆಂಡಿರ ವಿಷಯದಲ್ಲಿ ಒಂದೇ ಎಚ್ಚರಿಕೆ ಸಾಕು. ಇಪ್ಪತ್ತು ವರ್ಷ ಬೇರೆ ಬೇರೆ ಇದ್ದರೂ ತಾನಾಗಿಯೇ ವಿಚ್ಛೇದನವಾಗುವುದಿಲ್ಲ. ಎರಡು ವರ್ಷ ನಿರಂತರವಾಗಿ ತೊರೆದಿರುವುದು 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನ ಕೇಳಲು ಒಂದು ಕಾರಣ, ಅಷ್ಟೇ. ತೀರ್ಪು ಬರುವವರೆಗೆ ಅವರು ಸಂಗಾತಿಯೂ ಹೌದು, ವಾರಸುದಾರರೂ ಹೌದು. ಬಾಂದ್ರಾ ಕುರ್ಲಾ ಸಂಕೀರ್ಣದ ಕುಟುಂಬ ನ್ಯಾಯಾಲಯಕ್ಕೆ ಹೋದವರನ್ನು ಮೊದಲು ಅಲ್ಲಿಯ ಆಪ್ತಸಮಾಲೋಚಕರ ಬಳಿ ಕಳಿಸುವುದು ರೂಢಿಯಲ್ಲಿದೆ. ಅದನ್ನು ಕಾಟಾಚಾರವೆಂದು ಭಾವಿಸದೆ ಬಳಸಿಕೊಳ್ಳಿ.

ಕಡಿದದ್ದು ಕಡಿದೇ ಇರಲಿ ಎನ್ನಬೇಕಾದಾಗ

ಎಲ್ಲ ಬಾಂಧವ್ಯವನ್ನೂ ಮತ್ತೆ ಕೂಡಿಸಲೇಬೇಕೆಂಬ ನಿಯಮವಿಲ್ಲ. ಹೊಡೆತ, ಬೆದರಿಕೆ, ಬಾಲ್ಯದ ಲೈಂಗಿಕ ದೌರ್ಜನ್ಯ, ಹಣಕ್ಕಾಗಿ ನಿರಂತರ ಹಿಂಸೆ ಇದ್ದ ಕಡೆ ದೂರವೇ ರಕ್ಷಣೆ, ಮತ್ತು ಅಲ್ಲಿಗೆ ‘ಹಿರಿಯರಲ್ಲವೇ, ಹೊಂದಿಕೊಂಡು ಹೋಗು’ ಎಂದು ಕಳಿಸುವ ಬಂಧುಗಳು ಅಪರಾಧಕ್ಕೆ ನೆರವಾಗುತ್ತಿದ್ದಾರೆ. ಹಿಂಸೆಗೆ ಒಳಗಾದವರು ಅದರ ದಿನಾಂಕಗಳನ್ನೂ ಸಂದೇಶಗಳನ್ನೂ ಜೋಪಾನ ಮಾಡಿಡಬೇಕು. ಹೆಂಗಸರಿಗೆ 181 ಸಹಾಯವಾಣಿಯೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯೂ ಇವೆ. ಮನಸ್ಸಿನ ಭಾರ ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದವರಿಗೆ ಕನ್ನಡದಲ್ಲೇ ಮಾತಾಡುವ ಅವಕಾಶವಿದೆ.

ನೀವು ಪ್ರಯತ್ನಿಸಿಯೂ ಆ ಕಡೆಯಿಂದ ಉತ್ತರ ಬಾರದಿದ್ದರೆ ಮಕ್ಕಳನ್ನು ಮಾತ್ರ ಈ ಮೌನಕ್ಕೆ ಸೇರಿಸಿಕೊಳ್ಳಬೇಡಿ. ದೊಡ್ಡಪ್ಪನ ಮಕ್ಕಳ ಹೆಸರು, ಅವರು ಓದುವ ಊರು, ಬೇಕೆಂದರೆ ಅವರ ನಂಬರು ಮಕ್ಕಳಿಗೆ ಗೊತ್ತಿರಲಿ. ಅವರವರೇ ಮಾತಾಡಿಕೊಂಡರೆ ಅದರ ವರದಿ ಕೇಳಬೇಡಿ, ಅವರ ಕೈಯಲ್ಲಿ ಸುದ್ದಿ ಕಳಿಸಲೂ ಬೇಡಿ. ಸಾವಿನ ಸುದ್ದಿಯನ್ನು ಯಾರು ಯಾರಿಗೆ ತಿಳಿಸಬೇಕೆಂಬುದನ್ನು ಈಗಲೇ ಒಬ್ಬ ಮೂರನೆಯವರಿಗೆ ವಹಿಸಿಡುವುದು ವಿವೇಕ. ಮಾತು ಬಿಟ್ಟ ಮನೆಗೆ ಸೂತಕದ ಸುದ್ದಿ ನಾಲ್ಕು ದಿನ ತಡವಾಗಿ, ಅದೂ ಹೊರಗಿನವರ ಬಾಯಿಂದ ತಲಪಿತೆಂದರೆ, ಅಲ್ಲಿಯತನಕ ಖೋಲಿಯ ಬಗ್ಗೆ ಇದ್ದ ತಕರಾರಿಗೆ ಯಾವ ನ್ಯಾಯಾಲಯವೂ ಬಗೆಹರಿಸಲಾಗದ ಇನ್ನೊಂದು ತಕರಾರು ಸೇರಿಕೊಳ್ಳುತ್ತದೆ.